ಅಡ್ವಾನ್ಸ್ ಕೊಡುವ ಮೊದಲು ಮನೆ ತಪಾಸಣೆ ಮಾಡಿಸುವ ಹಕ್ಕು ನಮಗಿದೆಯಾ?

ಕಾಳಿದಂಡೆ:
ಕಾರವಾರ ಕೋಡಿಬಾಗ ಕಡೆ ಒಂದು ಹಳೆ ಮನೆ ಮನಸ್ಸಿಗೆ ಬಂದಿದೆ. ಮುಂದೆ ಆರ್‌ಸಿಸಿ, ಹಿಂದೆ ಹಂಚಿನ ಅಡುಗೆಮನೆ, ಹಿತ್ತಲಲ್ಲಿ ಬಾವಿ. ರೇಟು ಸುಮಾರು ಒಪ್ಪಿಗೆ ಆಗಿದೆ. ಟೋಕನ್ ಕೊಡುವ ಮೊದಲು ಇಂಜಿನಿಯರ್ ಕರೆದುಕೊಂಡು ಬರುತ್ತೇನೆ ಅಂದೆ, ಅಷ್ಟಕ್ಕೇ ಓನರ್ ಮುಖ ಸಣ್ಣದಾಯಿತು. "ಮೂವತ್ತು ವರ್ಷ ನಾವೇ ಇದ್ದ ಮನೆ, ನಮ್ಮ ಮಾತು ಸಾಲೋದಿಲ್ವಾ?" ಅಂದರು. ಬ್ರೋಕರ್ ಬೇರೆ, ಇನ್ನೊಂದು ಪಾರ್ಟಿ ರೆಡಿ ಇದೆ ಅಂತ ದಿನಕ್ಕೆರಡು ಸಲ ಫೋನ್ ಮಾಡುತ್ತಾನೆ. ಅಮೆರಿಕದಲ್ಲಿರುವ ನನ್ನ ಭಾವ ಹೇಳುವ ಪ್ರಕಾರ ಅಲ್ಲಿ ಆಫರ್ ಕೊಡುವಾಗಲೇ ತಪಾಸಣೆಯ ಷರತ್ತು ಹಾಕುತ್ತಾರಂತೆ, ದೊಡ್ಡ ದೋಷ ಸಿಕ್ಕರೆ ಹಣ ವಾಪಸ್ ತಗೊಂಡು ಹಿಂದೆ ಸರಿಯಬಹುದಂತೆ. ನಮ್ಮಲ್ಲಿ ಅಂಥದ್ದೇನಾದರೂ ಇದೆಯಾ?

ಕುಮಟಾ ಗುಮಾಸ್ತ:
ವಕೀಲರ ಆಫೀಸಿನಲ್ಲಿ ಕರಾರು ಟೈಪ್ ಮಾಡಿ ಮಾಡಿ ಬೆರಳು ಸವೆದವ ನಾನು, ಹಾಗಾಗಿ ಹೇಳುತ್ತೇನೆ. ಮನೆಯೊಳಗೆ ಇಂಜಿನಿಯರ್ ಬಿಡಲೇಬೇಕು ಅಂತ ಕಾನೂನಿಲ್ಲ. ಇರುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್. ಮಾರುವವನಿಗೆ ಗೊತ್ತಿದ್ದು, ಕೊಳ್ಳುವವನಿಗೆ ಗೊತ್ತಿಲ್ಲದೆ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣದಂಥ ದೊಡ್ಡ ದೋಷವಿದ್ದರೆ ಮಾರುವವ ಹೇಳಲೇಬೇಕು. ಆ "ನೋಡಿದರೂ ಕಾಣದ" ಅನ್ನೋದರಲ್ಲೇ ಎಲ್ಲ ಇದೆ ಮಾರಾಯ್ರೆ. ಗೋಡೆಯಲ್ಲಿ ಕೈ ಹೋಗುವಷ್ಟು ಬಿರುಕು ಇದ್ದೂ ನೀವು ನೋಡಲಿಲ್ಲ ಅಂದರೆ ತಪ್ಪು ನಿಮ್ಮದೇ.

ಹಾಗಾಗಿ ಹಕ್ಕನ್ನು ನೀವೇ ಬರೆಸಿಕೊಳ್ಳಬೇಕು. ಟೋಕನ್ ಸಣ್ಣದಿರಲಿ. ಇಷ್ಟು ದಿನದೊಳಗೆ ನಮ್ಮ ಇಂಜಿನಿಯರ್ ನೋಡುತ್ತಾರೆ, ಸ್ಲ್ಯಾಬು, ಗೋಡೆ, ಮಾಡಿನಲ್ಲಿ ದೊಡ್ಡ ದೋಷ ಕಂಡರೆ ಮುಂಗಡ ಪೂರ್ತಿ ವಾಪಸ್ ಅಂತ ಕರಾರಿನಲ್ಲೇ ಸ್ಪಷ್ಟವಾಗಿ ಹಾಕಿಸಿ. ಬಾಯಿಮಾತು ಬೇಡ.

ಹಂಚಿನಮನೆ:
ರೇರಾ, ಅಂದರೆ ರಿಯಲ್ ಎಸ್ಟೇಟ್ ಕಾಯ್ದೆಯಲ್ಲಿ 5 ವರ್ಷ ಗ್ಯಾರಂಟಿ ಇದೆಯಲ್ಲ?

ಕುಮಟಾ ಗುಮಾಸ್ತ:
ಅದು ಬಿಲ್ಡರ್ ಕಟ್ಟಿ ಮಾರುವ ಪ್ರಾಜೆಕ್ಟಿಗೆ. ಹಳೆ ಮನೆಗೆ ತಾಗೋದಿಲ್ಲ.

ಅಂಕೋಲೆಯವಳು:
ನಾವು ಏಪ್ರಿಲ್‌ನಲ್ಲಿ ಮನೆ ತಗೊಂಡ್ವಿ. ಹೊಸ ಪೇಂಟು, ಫಳಫಳ. ಬ್ಯಾಂಕಿನವರು ಕಳಿಸಿದ ಇಂಜಿನಿಯರ್ ನೋಡಿ ಹೋಗಿದ್ದಾರೆ, ಇನ್ನೇನು ಅಂತ ಸುಮ್ನೆ ಇದ್ದೆವು. ಅವರು ನೋಡೋದು ಬ್ಯಾಂಕಿನ ಸಾಲಕ್ಕೆ ಮನೆ ಬೆಲೆ ಬಾಳುತ್ತದಾ ಅಂತ, ನಮಗೆ ಸೋರುತ್ತದಾ ಅಂತ ಅಲ್ಲ. ಜುಲೈಯಲ್ಲಿ ಕೋಣೆಯ ಕಪಾಟು ಸರಿಸಿದೆ. ಹಿಂದಿನ ಗೋಡೆ ಪೂರ್ತಿ ಹಪ್ಪಳದ ಹಾಗೆ ಎದ್ದಿತ್ತು, ಮುಟ್ಟಿದರೆ ಬಿಳಿ ಪುಡಿ ಕೈಗೆ. ಆ ಕಪಾಟನ್ನು ಹಳೇ ಓನರ್ "ನಿಮಗೇ ಇರಲಿ" ಅಂತ ಪ್ರೀತಿಯಿಂದ ಬಿಟ್ಟು ಹೋಗಿದ್ದರು! ಸ್ಲ್ಯಾಬಿನ ಅಡಿಯಲ್ಲಿ ಕಂದು ಗೆರೆ ಕಂಡರೆ ಒಳಗಿನ ಸರಳಿಗೆ ತುಕ್ಕು ಹಿಡಿದಿದೆ ಅಂತ. ಉಪ್ಪುಗಾಳಿ ಊರು, ತುಕ್ಕು ಹಿಡಿದ ಸರಳು ಉಬ್ಬಿ ಕಾಂಕ್ರೀಟನ್ನೇ ಒಡೆದು ಹಾಕುತ್ತದೆ. ಸಾಮಾನು ಸರಿಸಿ ನೋಡಿ, ನಾಚಿಕೆ ಪಡಬೇಡಿ.

ಶಿರಸಿ ಅಣ್ಣ:
ಹಂಚಿನ ಭಾಗಕ್ಕೆ ಒಂದು ಸ್ಕ್ರೂಡ್ರೈವರ್ ಸಾಕು. ಪಕಾಸು, ಅಂದರೆ ಹಂಚು ಹೊರುವ ಇಳಿಜಾರು ಮರ, ಗೋಡೆಗೆ ಕೂರುವ ಜಾಗದಲ್ಲಿ ಮೆಲ್ಲಗೆ ಒತ್ತಿ. ಬೆಣ್ಣೆಯ ಹಾಗೆ ಒಳಗೆ ಹೋದರೆ ಒರಲೆ (ಗೆದ್ದಲು) ಊಟ ಮುಗಿಸಿ ಹೋಗಿದೆ ಅಂತ ಅರ್ಥ. ಬಾವಿ ನೀರನ್ನು ಮೇ ತಿಂಗಳಲ್ಲಿ ಬಾಯಿಗೆ ಹಾಕಿ ನೋಡಿ, ಮಳೆಗಾಲದಲ್ಲಿ ಎಲ್ಲ ಬಾವಿಯೂ ಸಿಹಿಯೇ. ಮನೆ ಹಿಂದೆ ಗುಡ್ಡ ಕಡಿದಿದ್ದರೆ ಮಾತ್ರ ನಾನು ಅತ್ತ ತಲೆಯೂ ಹಾಕುವುದಿಲ್ಲ, 2024ರ ಜುಲೈಯಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದದ್ದು ಕಣ್ಣೆದುರಿಗಿದೆ.

ಇನ್ನೊಂದು, ಮಹಡಿ ಎತ್ತುವ ಯೋಚನೆ ಇದ್ದರೆ ಸಿಆರ್‌ಝಡ್ (ಕರಾವಳಿಯಲ್ಲಿ ಕಟ್ಟಡ ಕಟ್ಟುವುದಕ್ಕಿರುವ ನಿರ್ಬಂಧ) ವಿಷಯ ನಗರಸಭೆಯಲ್ಲಿ ಮೊದಲೇ ಕೇಳಿ. ಸಮುದ್ರಕ್ಕಷ್ಟೇ ಅಲ್ಲ, ಉಬ್ಬರದ ನೀರು ಏರುವ ನದಿ ದಂಡೆಗೂ ಅದು ಬರುತ್ತದೆ.

ಕಾಳಿದಂಡೆ:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಓನರ್ ಹತ್ತಿರ ಹೋಗಿ, "ಕಾಕಾ, ನಂಬಿಕೆ ಇಲ್ಲ ಅಂತಲ್ಲ, ಸಾಲ ಮಾಡಿ ತಗೊಳ್ತಿದ್ದೇನೆ, ಹೆಂಡತಿ ಬಿಡ್ತಿಲ್ಲ" ಅಂತ ಅವಳ ಮೇಲೆ ಹಾಕಿದೆ. ನಕ್ಕರು. ಭಾನುವಾರ ಬನ್ನಿ ಅಂದರು. ಇಂಜಿನಿಯರ್ ಫೀಸು ನನ್ನದೇ. ಕರಾರಿನ ಷರತ್ತಿಗೆ ಇನ್ನೂ ಹ್ಞೂಂ ಅಂದಿಲ್ಲ, ಮಗನ ಹತ್ತಿರ ಕೇಳಬೇಕಂತೆ. ಅಡುಗೆಮನೆಯ ದೊಡ್ಡ ಕಪಾಟು ಸರಿಸಬಹುದಾ ಅಂದದ್ದಕ್ಕೆ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದರು.

ಅಂಕೋಲೆಯವಳು:
ಅದನ್ನೇ ಮೊದಲು ಸರಿಸಿ.