ಮಾವ್ಶಿ ತಾಂಜಾನಿಯಾದ ಹಳ್ಳಿಗೆ ವಾಪಸ್ ಹೊರಟಿದ್ದಾರೆ, ಏನು ಕಟ್ಟಿಕೊಡಲಿ?

ಸುಂಕೇರಿ ಹುಡುಗಿ:
ಎಲ್ಲರಿಗೂ ನಮಸ್ಕಾರ. ನಾನು ಕಾರವಾರದವಳು. ನಮ್ಮ ಮಾವ್ಶಿ, ಅಂದರೆ ಅಮ್ಮನ ತಂಗಿ, ಚರ್ಚಿನ ಸಿಸ್ಟರ್ (ಸನ್ಯಾಸಿನಿ). ನರ್ಸ್ ಕೂಡ. 14 ವರ್ಷದಿಂದ ತಾಂಜಾನಿಯಾದ ಸಿಂಗಿಡಾ ಕಡೆಯ ಒಂದು ಹಳ್ಳಿಯ ದವಾಖಾನೆಯಲ್ಲಿದ್ದಾರೆ. ದಾರ್ ಎಸ್ ಸಲಾಮ್‌ನಿಂದ ಬಸ್ಸಿನಲ್ಲಿ ಸುಮಾರು 700 ಕಿ.ಮೀ. ರಜೆಗೆ ಬಂದು ಮೂರು ತಿಂಗಳಾಯಿತು. ಮುಂದಿನ ವಾರ ಮತ್ಸ್ಯಗಂಧ ರೈಲಿನಲ್ಲಿ ಮುಂಬೈಗೆ, ಅಲ್ಲಿಂದ ವಿಮಾನ. ನವೆಂಬರ್ ಕೊನೆಗೆ ಅಲ್ಲಿ ಮಳೆ ಹಿಡಿಯುತ್ತದೆ. ಮಳೆ ಹಿಡಿದರೆ ಮಲೇರಿಯಾ ಜಾಸ್ತಿ. ಅಷ್ಟರೊಳಗೆ ಸೇರಿಕೊಳ್ಳಬೇಕು ಅನ್ನುತ್ತಾರೆ.

ಮೊನ್ನೆ ಊಟಕ್ಕೆ ಕೂತಾಗ ಮಾವ್ಶಿ ‘ಇನ್ನು ಎಂಟು ದಿನಕ್ಕೆ ಮನೆಗೆ ಹೋಗ್ತೇನೆ’ ಅಂದುಬಿಟ್ಟರು. ಬಂಗಡೆ ಸಾರು ಬಡಿಸುತ್ತಿದ್ದ ಅಮ್ಮ ಸೌಟು ಕೆಳಗಿಟ್ಟರು. ‘ಹಾಗಾದರೆ ಇದು ಯಾರ ಮನೆ?’ ಅಂತ ಕೇಳಿ ಒಳಗೆ ಹೋದರು. ಅಜ್ಜಿ ತೀರಿಕೊಂಡಾಗ ಮಾವ್ಶಿಗೆ ಬರಲು ಆಗಿರಲಿಲ್ಲ. ಆ ನೋವು ಅಮ್ಮನಿಗೆ ಇನ್ನೂ ಇದೆ. ಆದರೆ ಸಂಜೆ ವಾಟ್ಸಾಪ್ ಕರೆಯಲ್ಲಿ ಆ ಊರಿನ ಮಕ್ಕಳು ‘ಶಿಕಮೋ’ ಅಂತ ಕೂಗುತ್ತಾರೆ, ಇವರು ‘ಮರಹಬ’ ಅನ್ನುತ್ತಾರೆ. ಆಗ ಅವರ ಮುಖ ನೋಡಿದರೆ ಆ ಮಾತು ತಪ್ಪು ಅಂತ ನನಗೆ ಅನ್ನಿಸುವುದಿಲ್ಲ.

ಅಮ್ಮನ ಕೈಯಿಂದಲೇ ಏನಾದರೂ ಕಳಿಸಬೇಕು ಅಂತ ನನ್ನ ಆಸೆ. ಹಳೇ ಬಟ್ಟೆ ಎರಡು ಗಂಟು ಇದೆ, ಗೇರುಬೀಜ ಇದೆ. ಅಲ್ಲಿದ್ದು ಬಂದವರು ಹೇಳ್ತೀರಾ?

ದಾರ್‌ನಲ್ಲಿ ಆರು ವರ್ಷ:
ತಂಗಿ, ನಾನು ಅಂಕೋಲಾದವನು, ಅಲ್ಲಿ ಕೆಲಸಕ್ಕಿದ್ದೆ. ಹಳೇ ಬಟ್ಟೆ ಬೇಡ. ಹೊರದೇಶಗಳಿಂದ ಮೂಟೆಗಟ್ಟಲೆ ಅದೇ ಬರುತ್ತದೆ. ‘ಮಿತುಂಬ’ ಅಂತಾರೆ, ಸಂತೆಯಲ್ಲಿ ರಾಶಿ ಬಿದ್ದಿರುತ್ತದೆ. ಗೇರುಬೀಜವೂ ಬೇಡ. ಆ ದೇಶದ ದಕ್ಷಿಣದಲ್ಲಿ ಮ್ತ್ವಾರಾ ಕಡೆ ಎಷ್ಟು ಬೆಳೆಯುತ್ತಾರೆ ಅಂದರೆ, ಅಲ್ಲಿನ ಬೀಜ ಹಡಗಿನಲ್ಲಿ ಬಂದು ನಮ್ಮ ಕರಾವಳಿಯ ಕಾರ್ಖಾನೆಗಳಲ್ಲಿ ಸುಲಿಯುತ್ತಾರೆ. ಇನ್ನೊಂದು, ಪ್ಲಾಸ್ಟಿಕ್ ಕೈಚೀಲ 2019ರ ಜೂನ್‌ನಿಂದ ಅಲ್ಲಿ ನಿಷೇಧ. ಬಟ್ಟೆ ಚೀಲದಲ್ಲೇ ಕಟ್ಟಿ.

ಶಿಕಮೋ ಅನ್ನುವುದು ಚಿಕ್ಕವರು ದೊಡ್ಡವರಿಗೆ ಹೇಳುವ ನಮಸ್ಕಾರ. ನಿಮ್ಮ ಅಮ್ಮನನ್ನೂ ಕರೆಯಲ್ಲಿ ಕೂರಿಸಿ. ಆ ಮಕ್ಕಳು ಅವರಿಗೂ ಹೇಳದೆ ಬಿಡುವುದಿಲ್ಲ.

ಶಿರಸಿ ನರ್ಸಮ್ಮ:
ಔಷಧಿ ಮಾತ್ರ ಸುಮ್ನೆ ತುಂಬಬೇಡ ಮಗಾ, ಕಸ್ಟಮ್ಸ್‌ನಲ್ಲಿ ತೊಂದರೆ. ಥರ್ಮಾಮೀಟರ್, ಬಿಪಿ ನೋಡುವ ಯಂತ್ರದ ಪಟ್ಟಿ, ಇಂಥದ್ದು ಎಷ್ಟಿದ್ದರೂ ಸಾಲದು. ಆದರೂ ಮೊದಲು ಅವರನ್ನೇ ಕೇಳು. 14 ವರ್ಷ ಅಲ್ಲಿದ್ದವರಿಗೆ ಗೊತ್ತಿಲ್ಲದ್ದು ನಮಗೆ ಗೊತ್ತಾ?

ಯಲ್ಲಾಪುರದವಳು:
ನಮ್ಮ ಕಡೆ ಸಿದ್ದಿ ಹೆಂಗಸರು ಹಳೇ ಸೀರೆ ತುಂಡುಗಳಿಂದ ಕೌದಿ ಹೊಲಿಯುತ್ತಾರೆ. ನಾಲ್ಕು ಮೂಲೆಗೂ ಬಟ್ಟೆ ಮಡಿಸಿ ಹೂವಿನ ಹಾಗೆ ಇಡುತ್ತಾರೆ. ಅವರ ಹಿರಿಯರನ್ನು ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗುಲಾಮರಾಗಿ ಗೋವಾಕ್ಕೆ ತಂದಿದ್ದರು, ತಪ್ಪಿಸಿಕೊಂಡವರು ಈ ಕಾಡು ಸೇರಿದರು. ಇದನ್ನು ಬರೆಯುವಾಗ ನನಗೆ ಮೈ ಜುಮ್ ಅನ್ನುತ್ತಿದೆ. ದವಾಖಾನೆಯಲ್ಲಿ ಹುಟ್ಟುವ ಕೂಸಿಗೆ ಒಂದು ಸಣ್ಣ ಕೌದಿ ಹೊಲಿದು ಕಳಿಸಿ. ಅಮ್ಮನಿಗೆ ಹೊಲಿಗೆ ಬರುತ್ತದಾ?

ಸುಂಕೇರಿ ಹುಡುಗಿ:
ಬರುತ್ತದೆ ಅಕ್ಕಾ. ನಿನ್ನೆ ಕರೆಯಲ್ಲಿ ಕೂರಿಸಿದೆ. ಏಳೆಂಟು ಮಕ್ಕಳು ಒಟ್ಟಿಗೆ ‘ಶಿಕಮೋ’ ಅಂದರು. ಏನು ಹೇಳಬೇಕು ಅಂತ ಅಮ್ಮ ತಂಗಿಯ ಕಡೆ ನೋಡಿದರು. ಮಾವ್ಶಿ ಹೇಳಿಕೊಟ್ಟರು.

ಮಾವ್ಶಿಯನ್ನೂ ಕೇಳಿದೆ. ಜೂನ್, ಜುಲೈನಲ್ಲಿ ಅಲ್ಲಿ ರಾತ್ರಿ ಚಳಿಯಂತೆ, ಕೌದಿ ಖಂಡಿತ ಬೇಕು ಅಂದರು. ಇವತ್ತು ಬೆಳಿಗ್ಗೆ ಅಮ್ಮ ಟ್ರಂಕ್ ತೆಗೆದು ಅಜ್ಜಿಯ ಎರಡು ಹತ್ತಿ ಸೀರೆ ಹೊರಗಿಟ್ಟಿದ್ದಾರೆ. ಇನ್ನು ಐದೇ ದಿನ ಇದೆ. ಕೂಸಿನ ಕೌದಿಗೆ ಎಷ್ಟು ಮೊಳ ಉದ್ದ, ಎಷ್ಟು ಅಗಲ ಬೇಕು, ಬೇಗ ಹೇಳ್ತೀರಾ?