ಮಹಾಬಲಿಪುರಕ್ಕೆ ಹೊರಟವರ ಸುನಾಮಿ ಪ್ರಶ್ನೆ

ಪ್ರಶ್ನೆ (ಬನಶಂಕರಿಯಿಂದ):
ನಮಸ್ಕಾರ ಮೇಡಂ. ದಸರಾ ರಜೆಗೆ ಮಕ್ಕಳನ್ನೂ ಅತ್ತೆಯವರನ್ನೂ ಕರೆದುಕೊಂಡು ಮಹಾಬಲಿಪುರ, ಪುದುಚೇರಿಗೆ ಹೊರಟಿದ್ದೇವೆ. ಆರನೇ ಕ್ಲಾಸಿನ ಮಗ ಶಾಲೆಯ ಚಾರ್ಟಿಗೆ ಸುನಾಮಿ ಚಿತ್ರ ಬರೆದ. ನಡುಗಡಲಲ್ಲಿ ಹಾವಿನ ಹೆಡೆಯಂತೆ ಬಾಗಿದ ಅಲೆ, ಅದರ ಕೆಳಗೆ ಪುಟ್ಟ ದೋಣಿ. ಅದನ್ನು ನೋಡಿದ್ದೇ ತಡ, ಅತ್ತೆ "ಸಮುದ್ರದ ಸಹವಾಸವೇ ಬೇಡ, ಶೃಂಗೇರಿಗೆ ಹೋಗೋಣ" ಅಂತ ಕೂತಿದ್ದಾರೆ. 2012ರ ಏಪ್ರಿಲ್‌ನಲ್ಲಿ ಸುಮಾತ್ರಾ ಕಡೆ ಭೂಕಂಪವಾದಾಗ ನಮ್ಮ ಆಫೀಸು ಅಲ್ಲಾಡಿ ಎಲ್ಲರೂ ಮೆಟ್ಟಿಲಿಳಿದು ರಸ್ತೆಗೆ ಬಂದಿದ್ದೆವು. ಅವತ್ತು ಬಾರದ ಸುನಾಮಿ 2004ರಲ್ಲಿ ಯಾಕೆ ಬಂತು? ಬೀಚಿನಲ್ಲಿದ್ದಾಗ ಏನು ಗಮನಿಸಬೇಕು?

ಉತ್ತರ (ಭೂಕಂಪ ಅಧ್ಯಯನದಿಂದ ನಿವೃತ್ತರು, ಮಲ್ಲೇಶ್ವರಂ):
ಮೊದಲು ಮಗನ ದೋಣಿಯ ವಿಚಾರ. ಅಷ್ಟು ದೂರ ಕಡಲಲ್ಲಿರುವ ದೋಣಿಗೆ ಸುನಾಮಿ ಹಾದುಹೋದದ್ದು ಗೊತ್ತೇ ಆಗುವುದಿಲ್ಲ! 2004ರ ಡಿಸೆಂಬರ್ 26ರಂದು ಕಂಪನವಾಗಿ ಸುಮಾರು ಎರಡು ಗಂಟೆಯ ನಂತರ ಜೇಸನ್-1 ಉಪಗ್ರಹ ಹಿಂದೂ ಮಹಾಸಾಗರದ ಮೇಲೆ ಹಾದಾಗ ಅದಕ್ಕೆ ಸಿಕ್ಕ ಅಲೆಯ ಎತ್ತರ ಹತ್ತಿರಹತ್ತಿರ 60 ಸೆಂ.ಮೀ. ಮೊಣಕಾಲಿನ ಮೇಲಕ್ಕೆ ಬಂದೀತು, ಅಷ್ಟೇ. ಆದರೆ ಉದ್ದ ನೂರಾರು ಕಿ.ಮೀ. ಗಾಳಿಗೆ ಏಳುವ ಅಲೆಯಲ್ಲಿ ಮೇಲಿನ ನೀರು ಮಾತ್ರ ಕುಣಿಯುತ್ತದೆ. ಸುನಾಮಿಯಲ್ಲಿ ತಳದಿಂದ ಮೇಲಿನವರೆಗೆ ಇರುವಷ್ಟೂ ನೀರು ಕದಲುತ್ತದೆ.

ಅದರ ವೇಗ ನಿಂತಿರುವುದು ಆಳದ ಮೇಲೆ. ನಾಲ್ಕು ಸಾವಿರ ಮೀಟರ್ ಆಳದಲ್ಲಿ ಗಂಟೆಗೆ 700 ಕಿ.ಮೀ. ದಾಟುತ್ತದೆ. ಹತ್ತು ಮೀಟರ್ ಆಳಕ್ಕೆ ಬರುವ ಹೊತ್ತಿಗೆ 36ಕ್ಕೆ ಇಳಿದಿರುತ್ತದೆ. ಎಲೆಕ್ಟ್ರಾನಿಕ್ ಸಿಟಿ ಫ್ಲೈಓವರ್ ಮೇಲೆ ಹಾರಿಕೊಂಡು ಬಂದ ಗಾಡಿಗಳು ಸಿಲ್ಕ್ ಬೋರ್ಡ್ ಹತ್ತಿರ ಒಂದರ ಹಿಂದೊಂದು ಒತ್ತಿ ನಿಲ್ಲುವುದನ್ನು ನೀವು ನೋಡೇ ಇರುತ್ತೀರಿ. ಮುಂದಿನ ನೀರು ನಿಧಾನಿಸಿತು, ಹಿಂದಿನದು ಇನ್ನೂ ಜೋರಾಗಿ ಬರುತ್ತಿದೆ. ಗಾಡಿಗಳಿಗೆ ಮೇಲೆ ಹತ್ತಲು ಬರುವುದಿಲ್ಲ, ನೀರಿಗೆ ಬರುತ್ತದೆ.

ಇನ್ನು ನಿಮ್ಮ 2012ರ ಪ್ರಶ್ನೆ. ಇದನ್ನು ಕೇಳಿದ್ದಕ್ಕೆ ಖುಷಿಯಾಯಿತು, ಯಾರೂ ಕೇಳುವುದಿಲ್ಲ. ಸುಮಾತ್ರಾದ ಪಶ್ಚಿಮಕ್ಕೆ ಭಾರತದ ಭೂಫಲಕ (ಭೂಮಿಯ ಹೊರಪದರದ ಒಂದು ದೊಡ್ಡ ತುಂಡು) ಬರ್ಮಾ ಫಲಕದ ಅಡಿಗೆ ಜಾರುತ್ತಿದೆ. ಸರಾಗವಾಗಿ ಜಾರಿದ್ದರೆ ತೊಂದರೆಯಿರಲಿಲ್ಲ. ಎರಡೂ ಕಚ್ಚಿಕೊಂಡು, ಮೇಲಿನ ಫಲಕದ ಅಂಚು ನೂರಾರು ವರ್ಷ ಕೆಳಕ್ಕೆ ಬಾಗುತ್ತಾ ಹೋಗುತ್ತದೆ. 2004ರಲ್ಲಿ ಆ ಕಚ್ಚು ಬಿಟ್ಟಿತು, ಸುಮಾರು 1,200 ಕಿ.ಮೀ. ಉದ್ದಕ್ಕೆ, 9.1 ತೀವ್ರತೆಯಲ್ಲಿ. ಬಾಗಿದ್ದ ಅಂಚು ಚಿಮ್ಮಿ ಮೇಲೆದ್ದಿತು, ಅದರ ಮೇಲಿದ್ದ ಕಡಲನ್ನೂ ಎತ್ತಿತು. 2012ರ ಕಂಪನವೂ 8.6ರದ್ದು, ಸಣ್ಣದೇನಲ್ಲ. ಆದರೆ ಅಲ್ಲಿ ನೆಲ ಅಕ್ಕಪಕ್ಕಕ್ಕೆ ಸರಿಯಿತು, ಮೇಲೆ ಕೆಳಗೆ ಆದದ್ದು ಕಡಿಮೆ. ನೀರು ತುಂಬಿದ ಬೋಗುಣಿಯ ತಳಕ್ಕೆ ಕೆಳಗಿನಿಂದ ಗುದ್ದಿ ನೋಡಿ, ಆಮೇಲೆ ಅದೇ ಬೋಗುಣಿಯನ್ನು ಮೇಜಿನ ಮೇಲೆ ಇಟ್ಟಲ್ಲೇ ತಿರುಗಿಸಿ ನೋಡಿ. ಮಗನಿಗೆ ಚಾರ್ಟಿಗಿಂತ ಇದು ಚೆನ್ನಾಗಿ ಅರ್ಥವಾಗುತ್ತದೆ. (ಅಡುಗೆಮನೆ ಒರೆಸುವ ಕೆಲಸ ಅವನಿಗೇ ಇರಲಿ.)

ಭೂಕಂಪವೇ ಆಗಬೇಕೆಂದೂ ಇಲ್ಲ. 2018ರ ಡಿಸೆಂಬರ್‌ನಲ್ಲಿ ಇಂಡೋನೇಷ್ಯಾದ ಅನಾಕ್ ಕ್ರಕಟೌ ಜ್ವಾಲಾಮುಖಿಯ ಒಂದು ಮಗ್ಗುಲು ಕುಸಿದು ಸಮುದ್ರಕ್ಕೆ ಬಿತ್ತು. ನೆಲ ನಡುಗಿ ಎಚ್ಚರಿಸಲಿಲ್ಲ, ರಾತ್ರಿ ಹೊತ್ತು, 400ಕ್ಕೂ ಹೆಚ್ಚು ಜನ ಹೋದರು.

ಬೀಚಿನ ವಿಷಯಕ್ಕೆ ಬರೋಣ. "ಮೊದಲು ಸಮುದ್ರ ಹಿಂದೆ ಸರಿಯುತ್ತದೆ, ಆಗ ಓಡಿದರಾಯಿತು" ಎನ್ನುವುದನ್ನು ಪೂರ್ತಿ ನಂಬಬೇಡಿ. 2004ರಲ್ಲಿ ಥಾಯ್ಲೆಂಡ್ ಕಡೆ ನೀರು ಮೊದಲು ಹಿಂದೆ ಹೋಯಿತು. ನಮ್ಮ ಪೂರ್ವ ಕರಾವಳಿಗೆ ಮೊದಲು ಬಂದದ್ದೇ ಉಬ್ಬು. ಹಾಗಾಗಿ ನೀರು ಎಂದಿಲ್ಲದಂತೆ ಹಿಂದೆ ಸರಿದರೂ ಓಡಬೇಕು, ಎಂದಿಲ್ಲದಂತೆ ಏರಿದರೂ ಓಡಬೇಕು. ನಿಂತ ನೆಲ ಜೋರಾಗಿ ನಡುಗಿದರೆ ಇವೆರಡಕ್ಕೂ ಕಾಯಬಾರದು. ಸುಮಾತ್ರಾ ಪಕ್ಕದ ಸಿಮೆಲ್ಯು ದ್ವೀಪದವರು 1907ರ ಸುನಾಮಿಯ ನೆನಪನ್ನು "ಸ್ಮೊಂಗ್" ಎಂಬ ಒಂದೇ ಪದದಲ್ಲಿ ಅಜ್ಜಿಯರ ಬಾಯಿಂದ ಮೊಮ್ಮಕ್ಕಳ ಕಿವಿಗೆ ಉಳಿಸಿಕೊಂಡಿದ್ದರು. 2004ರಲ್ಲಿ ನೆಲ ಅಲ್ಲಾಡಿದ ಕೂಡಲೇ ಗುಡ್ಡ ಹತ್ತಿದರು. ಕಂಪನದ ಕೇಂದ್ರಕ್ಕೆ ಅಷ್ಟು ಹತ್ತಿರವಿದ್ದೂ ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನರಲ್ಲಿ ಸತ್ತವರು ಏಳು ಮಂದಿ. ದೂರದ ನಾಗಪಟ್ಟಿಣಂ ಜಿಲ್ಲೆಯಲ್ಲಿ ಆರು ಸಾವಿರ ದಾಟಿತು.

ಪ್ರಶ್ನೆ (ರಾಜಾಜಿನಗರದಿಂದ):
ಮೇಡಂ, ಈಜು ಬರುವವರು ಬಚಾವಾಗಬಹುದಲ್ವಾ? ಹಾಗೇ ಇನ್ನೊಂದು, ಅವತ್ತು ಹುಣ್ಣಿಮೆ ಇತ್ತಂತೆ.

ಉತ್ತರ:
ಹುಣ್ಣಿಮೆ ಇದ್ದದ್ದು ನಿಜ, ಅದಕ್ಕೂ ಸುನಾಮಿಗೂ ಸಂಬಂಧವಿಲ್ಲ. ಚಂದ್ರ ತರುವುದು ಭರತ ಇಳಿತ.

ಈಜಿನ ಮಾತು ಬಿಡಿ ಸಾರ್. ನಿಮ್ಮ ಬೀದಿಗೆ ಬರುವ 12,000 ಲೀಟರ್ ಟ್ಯಾಂಕರಿನಲ್ಲಿರುವ ನೀರಿನ ತೂಕ 12 ಟನ್. ಅಂಥ ಸಾಲುಸಾಲು ಟ್ಯಾಂಕರು ಬಸ್ಸಿನ ವೇಗದಲ್ಲಿ ಬರುತ್ತಿವೆ ಅಂದುಕೊಳ್ಳಿ, ಜೊತೆಗೆ ದೋಣಿ, ತಗಡು, ಮರದ ದಿಮ್ಮಿ, ಕಾರು. ಅನೇಕರು ಮುಳುಗುವ ಮೊದಲೇ ಇವುಗಳ ಏಟಿಗೆ ಸಿಕ್ಕಿರುತ್ತಾರೆ. ವಾಪಸು ಹೋಗುವ ನೀರು ಉಳಿದವರನ್ನು ಎಳೆದೊಯ್ಯುತ್ತದೆ.

ಎಲ್ಲಕ್ಕಿಂತ ಮೋಸ ಮಾಡುವುದು ಮೊದಲ ಅಲೆ. 1960ರಲ್ಲಿ ಚಿಲಿಯ 9.5 ತೀವ್ರತೆಯ ಕಂಪನದ ಸುನಾಮಿ ಹದಿನೈದು ಗಂಟೆ ಸಾಗಿ ಹವಾಯಿಯ ಹಿಲೋ ಊರಿಗೆ ಬಂತು. ಸೈರನ್ ಮೊದಲೇ ಕೂಗಿತ್ತು. ಮೊದಲ ಅಲೆಗಳು ಸಣ್ಣವಾಗಿದ್ದವು, ಕೆಲವರು "ಇಷ್ಟೇನಾ" ಅಂತ ಕೆಳಗಿಳಿದು ಬಂದರು. ಆಮೇಲಿನದು ಕೊಂದಿತು, 61 ಜನ. ಅಲೆಗಳ ನಡುವೆ ಅರ್ಧ, ಮುಕ್ಕಾಲು ಗಂಟೆ ಬಿಡುವಿರಬಹುದು. ಚಪ್ಪಲಿ ಬಿಟ್ಟಿದ್ದೇವೆ, ಫೋನ್ ಬಿದ್ದಿದೆ ಅಂತ ಹಿಂದಿರುಗಬೇಡಿ.

ಪ್ರಶ್ನೆ (ಯಲಹಂಕದಿಂದ, ಊರು ಮಲ್ಪೆ):
ಅಕ್ಕಾ, ನಮ್ಮ ಕಡೆಗೆ ಬರಲ್ಲ ಅಲ್ವಾ? ಬೆಂಗಳೂರಿಗಂತೂ ಬರಲ್ಲ ಬಿಡಿ.

ಉತ್ತರ:
ಬೆಂಗಳೂರು 900 ಮೀಟರ್ ಮೇಲಿದೆ, ನಮಗೆ ಅಂಡರ್‌ಪಾಸ್ ನೀರೇ ಸಾಕು. ಮಲ್ಪೆಗೆ ಅಪಾಯ ಕಡಿಮೆ, ಇಲ್ಲವೇ ಇಲ್ಲ ಅನ್ನಲಾರೆ. 2004ರ ಅಲೆ ಕನ್ಯಾಕುಮಾರಿ ಸುತ್ತಿಕೊಂಡು ಕೇರಳದ ಕೊಲ್ಲಂ ಕಡೆಯೂ ಜನರನ್ನು ಬಲಿ ತೆಗೆದುಕೊಂಡಿತು. ಅರಬ್ಬಿ ಸಮುದ್ರಕ್ಕೆ ತನ್ನದೇ ಮೂಲವೂ ಇದೆ, ಪಾಕಿಸ್ತಾನದ ಮಕ್ರಾನ್ ತೀರ. 1945ರ ನವೆಂಬರ್ 28ರಂದು ಅಲ್ಲೆದ್ದದ್ದು ಮುಂಬೈಯವರೆಗೆ ಬಂದಿತ್ತು. ಮಳೆಗಾಲದ ಕಡಲ್ಕೊರೆತವನ್ನು ಮಾತ್ರ ಸುನಾಮಿ ಅನ್ನಬೇಡಿ, ಅದು ಗಾಳಿಯ ಅಲೆಗಳದ್ದು.

2004ರಲ್ಲಿ ಇರದ ಒಂದು ಅನುಕೂಲ ಈಗಿದೆ. ಹೈದರಾಬಾದಿನ ಇನ್‌ಕಾಯ್ಸ್‌ನಲ್ಲಿ (ಸಾಗರದ ಮಾಹಿತಿ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ) 2007ರಿಂದ ಎಚ್ಚರಿಕೆ ಕೇಂದ್ರ ಹಗಲೂ ರಾತ್ರಿ ನಡೆಯುತ್ತಿದೆ. ಸುಮಾತ್ರಾದಿಂದ ತಮಿಳುನಾಡಿಗೆ ಅಲೆ ಬರಲು ಎರಡು ಗಂಟೆಗೂ ಮೇಲೆ ಬೇಕು, ಅಷ್ಟರಲ್ಲಿ ಸುದ್ದಿ ಮುಟ್ಟಿಸಲು ಸಮಯವಿದೆ. ಅಂಡಮಾನ್ ನಿಕೋಬಾರಿನವರಿಗೆ ಆ ಪುಣ್ಯವಿಲ್ಲ, ಅವರಿಗೆ ಸಿಗುವುದು ನಿಮಿಷಗಳ ಲೆಕ್ಕ.

ಪ್ರಶ್ನೆ (ಬನಶಂಕರಿಯಿಂದ):
ತುಂಬಾ ಥ್ಯಾಂಕ್ಸ್ ಮೇಡಂ. ಅತ್ತೆಗೆ ಮಂಡಿನೋವು, ಓಡಲಾಗದು. ಹೋಟೆಲಿನ ಮೇಲಿನ ಮಹಡಿ ನಡೆಯುತ್ತದೆಯೇ?

ಉತ್ತರ:
ದೂರ ಹೋಗಲಾಗದಿದ್ದರೆ ನಡೆಯುತ್ತದೆ. ಕಾಂಕ್ರೀಟ್ ಕಂಬಗಳ ಗಟ್ಟಿ ಕಟ್ಟಡವಾಗಿರಲಿ, ಮೂರನೇ ಮಹಡಿ ಅಥವಾ ಅದಕ್ಕೂ ಮೇಲೆ. ದಡದ ಮೇಲಿನ ಗುಡಿಸಲು ಮಾದರಿ ರೆಸಾರ್ಟ್ ಬೇಡ. ರೂಮು ಬುಕ್ ಮಾಡುವಾಗ ಮೆಟ್ಟಿಲು ಎಲ್ಲಿದೆ ಅಂತ ಕೇಳಿ, ಅಂಥ ಹೊತ್ತಿನಲ್ಲಿ ಲಿಫ್ಟ್ ನೆಚ್ಚಿಕೊಳ್ಳುವಂತಿಲ್ಲ. ಇಷ್ಟು ಹೇಳಿದರೆ ಅತ್ತೆಯವರು ಒಪ್ಪಬಹುದು. ಒಪ್ಪದಿದ್ದರೆ ಶೃಂಗೇರಿಯೂ ಒಳ್ಳೆಯದೇ.