ಕ್ರೂಸ್ ಕಂಪನಿಗಳ ಹಡಗುಪಟ್ಟಿ: ಲೆಕ್ಕ ತಾಳೆಯಾಗುತ್ತಿಲ್ಲ, ಎಲ್ಲಿ ತಪ್ಪುತ್ತಿದೆ?

ಅಲೆಮಾರ್ಗ (ಪ್ರಶ್ನೆ):
ಕಾರ್ನಿವಲ್, ರಾಯಲ್ ಕೆರಿಬಿಯನ್, ಪ್ರಿನ್ಸೆಸ್, ಕ್ಯುನಾರ್ಡ್, ನಾರ್ವೇಜಿಯನ್ ಈ ಐದು ಕಂಪನಿಗಳ ಹಡಗುಗಳನ್ನೆಲ್ಲ ಶುರುವಿನಿಂದ ಇವತ್ತಿನವರೆಗೆ ಒಂದು ಸ್ಪ್ರೆಡ್‌ಶೀಟ್‌ಗೆ ಇಳಿಸುತ್ತಿದ್ದೇನೆ. ಒಂದು ಸಾಲಿಗೆ ಒಂದು ಹೆಸರು. ‘ಪೆಸಿಫಿಕ್ ಪ್ರಿನ್ಸೆಸ್’ ಕಟ್ಟಿದ ವರ್ಷ ಒಂದು ಕಡೆ 1971, ಇನ್ನೊಂದು ಕಡೆ 1999. ‘ಕಾರ್ನಿವಲ್ ಡೆಸ್ಟಿನಿ’ 2013ಕ್ಕೆ ಮಾಯವಾಗುತ್ತದೆ, ಗುಜರಿಗೆ ಹೋದ ದಾಖಲೆ ಮಾತ್ರ ಸಿಗುತ್ತಿಲ್ಲ. ‘ಐಕಾನ್ ಆಫ್ ದ ಸೀಸ್’ ಪ್ರಯಾಣಿಕರ ಸಂಖ್ಯೆ 5,610 ಅಂತಲೂ ಇದೆ, 7,600 ಅಂತಲೂ ಇದೆ. ಯಾವುದನ್ನು ನಂಬಬೇಕು?

ಚುಕ್ಕಾಣಿ:
ಸಾಲಿಗೊಂದು ಹೆಸರು ಇಟ್ಟದ್ದೇ ತೊಡಕು. ಸಾಲಿಗೊಂದು ಐಎಂಒ (ಅಂತರರಾಷ್ಟ್ರೀಯ ಕಡಲ ಸಂಸ್ಥೆ) ಸಂಖ್ಯೆ ಇಡಿ. ಹೆಸರು, ಧ್ವಜ, ಮಾಲೀಕರು ಎಷ್ಟು ಸಲ ಬದಲಾದರೂ ಈ ಏಳಂಕಿಯ ಸಂಖ್ಯೆ ಹಡಗಿನ ಒಡಲಿಗೆ ಅಂಟಿಕೊಂಡೇ ಇರುತ್ತದೆ. ಪ್ರಯಾಣಿಕ ಹಡಗುಗಳಲ್ಲಂತೂ ಮೇಲಿನಿಂದ ನೋಡಿದರೆ ಕಾಣುವ ಹಾಗೆ ಡೆಕ್ಕಿನ ಮೇಲೂ ಬರೆದಿರಬೇಕೆಂಬ ನಿಯಮವಿದೆ.

ಟೈಪ್ ಮಾಡುವಾಗ ಅಂಕಿ ತಪ್ಪಿತೋ ಇಲ್ಲವೋ ನೋಡಲು ಸುಲಭದ ಲೆಕ್ಕವುಂಟು. ಮೊದಲ ಆರು ಅಂಕಿಗಳನ್ನು ಕ್ರಮವಾಗಿ 7, 6, 5, 4, 3, 2ರಿಂದ ಗುಣಿಸಿ ಕೂಡಿಸಿ. ಮೊತ್ತದ ಕೊನೆಯ ಅಂಕಿಯೇ ಏಳನೆಯ ಅಂಕಿ ಆಗಿರಬೇಕು. ಕ್ವೀನ್ ಮೇರಿ 2ರ ಸಂಖ್ಯೆ 9241061: 63+12+20+4+0+12 = 111, ಕೊನೆಗೆ 1. ಸರಿ ಇದೆ. ಸ್ಪ್ರೆಡ್‌ಶೀಟಿನಲ್ಲಿ ಇದನ್ನೇ ಸೂತ್ರವಾಗಿ ಹಾಕಿಬಿಡಿ.

ಹೆಸರುಗಳಿಗೆ ಇನ್ನೊಂದು ಶೀಟ್ ಮಾಡಿ: ಐಎಂಒ ಸಂಖ್ಯೆ, ಹೆಸರು, ಕಂಪನಿ, ಇಂಥ ವರ್ಷದಿಂದ, ಇಂಥ ವರ್ಷದವರೆಗೆ. ಆಗ ನಿಮ್ಮ ಗೋಜಲು ತಾನಾಗಿ ಬಿಡಿಸಿಕೊಳ್ಳುತ್ತದೆ. ಪೆಸಿಫಿಕ್ ಪ್ರಿನ್ಸೆಸ್ ಎರಡು ಬೇರೆ ಹಡಗು, ಎರಡೂ ಆ ಹೆಸರಿನಲ್ಲಿ ಹುಟ್ಟಿದ್ದಲ್ಲ. ಮೊದಲನೆಯದು 1971ರ ‘ಸೀ ವೆಂಚರ್’. ಎರಡನೆಯದು 1999ರ ‘ಆರ್ ತ್ರೀ’, ಈಗ ‘ಅಜಮಾರಾ ಆನ್‌ವರ್ಡ್’. ಕಾರ್ನಿವಲ್ ಡೆಸ್ಟಿನಿ ಎಲ್ಲಿಗೂ ಹೋಗಿಲ್ಲ, 2013ರ ದೊಡ್ಡ ದುರಸ್ತಿಯ ನಂತರ ‘ಕಾರ್ನಿವಲ್ ಸನ್‌ಶೈನ್’ ಆಗಿ ಓಡುತ್ತಿದೆ. ‘ಮಾರ್ಡಿ ಗ್ರಾ’ ಇದಕ್ಕೆ ಉಲ್ಟಾ: 1972ರಲ್ಲಿ ಕಾರ್ನಿವಲ್ ಶುರುವಾದದ್ದು ಆ ಹೆಸರಿನ ಹಳೆಯ ಹಡಗಿನಿಂದ (ಅದರ ಮೂಲ ಹೆಸರು ‘ಎಂಪ್ರೆಸ್ ಆಫ್ ಕೆನಡಾ’), 2021ರಲ್ಲಿ ಓಡಲು ಶುರುಮಾಡಿದ್ದು ಹೊಚ್ಚ ಹೊಸದು.

ಟನ್‌ಲೆಕ್ಕ:
ಆ ‘ಆರ್’ ಸರಣಿಗೆ ಒಂದು ಪ್ರತ್ಯೇಕ ಗುರುತು ಹಾಕಿಕೊಳ್ಳಿ. ರೆನೆಸಾನ್ಸ್ ಕ್ರೂಸಸ್ ಎಂಬ ಕಂಪನಿ ಫ್ರಾನ್ಸಿನಲ್ಲಿ ಎಂಟು ಅವಳಿ ಹಡಗುಗಳನ್ನು ಕಟ್ಟಿಸಿ 2001ರಲ್ಲಿ ದಿವಾಳಿಯಾಯಿತು. ಅವು ಪ್ರಿನ್ಸೆಸ್, ಓಷಿಯಾನಿಯಾ, ಅಜಮಾರಾಗಳಿಗೆ ಹಂಚಿಹೋದವು, ಆಮೇಲೂ ಕೈ ಬದಲಾಯಿಸುತ್ತಲೇ ಇವೆ. ‘ಆರ್ ಎಯ್ಟ್’ ಒಂದೇ ರಾಯಲ್ ಪ್ರಿನ್ಸೆಸ್, ಅಡೋನಿಯಾ, ಅಜಮಾರಾ ಪರ್ಸ್ಯೂಟ್ ಎಂದೆಲ್ಲ ಆಗಿದೆ. ಪಟ್ಟಿಗಳು ಹೆಚ್ಚಾಗಿ ಕೆಡುವುದು ಇಲ್ಲೇ.

ಐಕಾನ್‌ನ ಎರಡೂ ಸಂಖ್ಯೆ ಸರಿ. 5,610 ಎಂದರೆ ಕೋಣೆಗೆ ಇಬ್ಬರಂತೆ ಲೆಕ್ಕ. 7,600 ಎಂದರೆ ಮಡಚುವ ಮಂಚ, ಸೋಫಾ ಎಲ್ಲ ತುಂಬಿದಾಗಿನ ಗರಿಷ್ಠ. ಎರಡಕ್ಕೂ ಬೇರೆ ಬೇರೆ ಕಾಲಂ ಇಡಿ.

ಟನೇಜ್ ಕಾಲಂನಲ್ಲೂ ಹುಷಾರು. ಅದು ತೂಕವಲ್ಲ, ಒಳಗಿನ ಗಾತ್ರ. 1969ರ ಟನೇಜ್ ಒಪ್ಪಂದ 1982ರಲ್ಲಿ ಜಾರಿಗೆ ಬಂದ ಮೇಲೆ ಅಳೆಯುವ ವಿಧಾನವೇ ಬದಲಾಯಿತು. ಟೈಟಾನಿಕ್‌ನ 46,328 ಹಳೆಯ ರೀತಿಯ ಅಳತೆ, ಐಕಾನ್‌ನ 248,663 ಹೊಸದು. ‘ಇಷ್ಟು ಪಟ್ಟು ದೊಡ್ಡದು’ ಎಂದು ಭಾಗಿಸಿ ಹೇಳುವವರು ಇದನ್ನು ನೋಡುವುದೇ ಇಲ್ಲ.

ಒಂದೇ ಹಡಗಿಗೆ ಎರಡು ಉದ್ದ ಸಿಕ್ಕರೂ ಗಾಬರಿ ಬೇಡ. ಸಾಂಗ್ ಆಫ್ ನಾರ್ವೆಯನ್ನು 1978ರಲ್ಲಿ, ಎನ್‌ಚಾಂಟ್‌ಮೆಂಟ್ ಆಫ್ ದ ಸೀಸ್ ಅನ್ನು 2005ರಲ್ಲಿ ನಡುವೆ ಕತ್ತರಿಸಿ ಹೊಸ ಭಾಗ ಸೇರಿಸಿ ಬೆಸೆದರು. ಎರಡನೆಯದಕ್ಕೆ ಸೇರಿದ್ದು ಸುಮಾರು 22 ಮೀಟರ್. ಉದ್ದ, ಟನೇಜ್, ಕೋಣೆಗಳು ಮೂರಕ್ಕೂ ಮುಂಚೆ-ಆಮೇಲೆ ಎಂದು ನಮೂದಿಸಿ.

ಅಲೆಮಾರ್ಗ:
ಕ್ವೀನ್ ಮೇರಿ 2ಕ್ಕೆ 2003 ಹಾಕಲೋ 2004 ಹಾಕಲೋ? ಮತ್ತೆ ಕ್ಯುನಾರ್ಡ್ ಅನ್ನು ಕಾರ್ನಿವಲ್ ಅಡಿಯಲ್ಲಿ ಸೇರಿಸಬೇಕೇ?

ಚುಕ್ಕಾಣಿ:
2003ರ ಮಾರ್ಚ್‌ನಲ್ಲಿ ನೀರಿಗಿಳಿಯಿತು, ಡಿಸೆಂಬರ್‌ನಲ್ಲಿ ಕ್ಯುನಾರ್ಡ್ ಕೈಗೆ ಬಂತು, 2004ರ ಜನವರಿಯಲ್ಲಿ ಮೊದಲ ಯಾನ ಹೊರಟಿತು. ಹಸ್ತಾಂತರದ ದಿನಾಂಕವನ್ನೇ ಎಲ್ಲದಕ್ಕೂ ಬಳಸಿ, ಸಾಧಾರಣವಾಗಿ ಹಡಗು ಕಂಪನಿಯದಾಗುವುದು ಆವತ್ತೇ.

ಬ್ರ್ಯಾಂಡ್ ಬೇರೆ, ಒಡೆತನ ಬೇರೆ, ಎರಡು ಕಾಲಂ ಮಾಡಿ. ಕಾರ್ನಿವಲ್ ಗುಂಪಿಗೆ ಹಾಲೆಂಡ್ ಅಮೆರಿಕಾ 1989ರಲ್ಲಿ, ಕ್ಯುನಾರ್ಡ್ 1998ರಲ್ಲಿ, ಪ್ರಿನ್ಸೆಸ್ 2003ರಲ್ಲಿ ಸೇರಿದವು. ಕ್ಯುನಾರ್ಡ್‌ನ 1969ರ ಹಡಗು ಕ್ಯೂಇ2 (ಕ್ವೀನ್ ಎಲಿಜಬೆತ್ 2) ಅನ್ನು ಮೊದಲಿನಿಂದಲೂ ಕಾರ್ನಿವಲ್ ಹಡಗು ಎಂದು ಬರೆದರೆ ತಪ್ಪಾಗುತ್ತದೆ, ಆಗ ಕಾರ್ನಿವಲ್ ಹುಟ್ಟಿಯೇ ಇರಲಿಲ್ಲ.

ಟನ್‌ಲೆಕ್ಕ:
‘ಮುಗಿದ ವರ್ಷ’ವನ್ನೂ ಒಡೆದು ಬರೆಯಿರಿ. ‘ಫ್ರಾನ್ಸ್’ ಎಂಬ ಲೈನರ್ ನಾರ್ವೇಜಿಯನ್ ಕಂಪನಿಗೆ 1980ರಿಂದ ‘ನಾರ್ವೆ’ಯಾಗಿ ದುಡಿಯಿತು. 2003ರಲ್ಲಿ ಮಯಾಮಿಯಲ್ಲಿ ಬಾಯ್ಲರ್ ಸಿಡಿದು ಓಟ ನಿಂತಿತು, ಗುಜರಿಗೆಂದು ಒಡೆದದ್ದು ಅದಕ್ಕೂ ವರ್ಷಗಳ ನಂತರ, ಗುಜರಾತಿನ ಅಲಂಗ್‌ನಲ್ಲಿ. ಸೇವೆ ನಿಂತದ್ದು, ಮಾರಿದ್ದು, ಒಡೆದದ್ದು ಮೂರಕ್ಕೂ ಜಾಗ ಬಿಡಿ. ಐಎಂಒ ಸಂಖ್ಯೆ ಬರುವ ಮೊದಲೇ ಹೋದ ಹಡಗುಗಳಿಗೆ, ಅಂದರೆ ಕ್ಯುನಾರ್ಡ್‌ನ 1840ರ ಬ್ರಿಟಾನಿಯಾದಂಥವಕ್ಕೆ, ಕಟ್ಟಿದವರ ಹೆಸರು ಮತ್ತು ಹಸ್ತಾಂತರದ ವರ್ಷ ಸೇರಿಸಿ ನೀವೇ ಒಂದು ಗುರುತು ಕೊಟ್ಟುಕೊಳ್ಳಿ.